ಅವ್ವನ ಐರನ್ ಟೆಸ್ಟ್ ಮಾಡಿಸಿದ ನವನಗರದ ಲ್ಯಾಬ್

ಹಿಮೋಗ್ಲೋಬಿನ್ 9.4 ಬಂದಿದ್ದಕ್ಕೆ ಡಾಕ್ಟರು ಅವ್ವನಿಗೆ ಸೀರಂ ಐರನ್ (ರಕ್ತದಲ್ಲಿ ಓಡಾಡುವ ಐರನ್), ಟಿಐಬಿಸಿ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಐರನ್ನಿನ ಲೆಕ್ಕ) ಮೂರೂ ಬರೆದುಕೊಟ್ಟರು. ಬಾಗಲಕೋಟೆಯಲ್ಲಿ ಲ್ಯಾಬುಗಳಿಗೇನು ಬರವಿಲ್ಲ. ನವನಗರದ ಈ ಚಿಕ್ಕ ಲ್ಯಾಬಿಗೆ ಹೋಗಿದ್ದು ಅದು ನೆಲಮಹಡಿಯಲ್ಲಿದೆ ಅಂತ ಮಾತ್ರ. ನಾಲ್ಕು ಮೆಟ್ಟಿಲು ಹತ್ತಿದರೆ ಅವ್ವನಿಗೆ ದಮ್ಮು ಬರುತ್ತಿತ್ತು.

ಕೌಂಟರಿನಲ್ಲಿದ್ದ ಹುಡುಗಿ ದುಡ್ಡು ತಗೊಳ್ಳುವ ಮೊದಲೇ ಕೇಳಿದಳು: "ಅಮ್ಮಾರ, ಐರನ್ ಗುಳಿಗಿ ಏನರ ನುಂಗ್ತೀರೇನ್ರಿ?" ರಾತ್ರಿ ನುಂಗಿದ್ದು ಗೊತ್ತಾಗಿ ರಕ್ತ ತೆಗೆಯಲೇ ಇಲ್ಲ. ಗುಳಿಗೆ ನುಂಗಿದ ಮೇಲೆ ಕೆಲವು ಗಂಟೆ ರಕ್ತದಲ್ಲಿ ಐರನ್ ಏರಿರುತ್ತದೆ, ಲೆಕ್ಕ ತಪ್ಪುತ್ತದೆ. ಗುಳಿಗೆ ಬಿಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಳು. ಬಂದ ಗಿರಾಕಿಯನ್ನು ಹೀಗೆ ವಾಪಸ್ ಕಳಿಸುವವರು ಎಷ್ಟು ಜನ ಇದ್ದಾರೆ? ನನಗೆ ಇದೊಂದಕ್ಕೇ ಲ್ಯಾಬ್ ಹಿಡಿಸಿತು. ಆದರೆ ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ನಾವು ಇಲ್ಲೇ ಊರೊಳಗಿನ ವಿದ್ಯಾಗಿರಿಯವರು, ನಡೆಯುತ್ತದೆ. ಗುಳೇದಗುಡ್ಡದಿಂದ ಬಸ್ ಹಿಡಿದು ಬಂದವರು ಬೈಯದೆ ಇರುತ್ತಾರಾ?

ಸೂಜಿಯ ಕೆಲಸ ಚೊಕ್ಕ. ಅವ್ವನ ನರ ಬೇಗ ಸಿಗುವುದಿಲ್ಲ, ಆದರೂ ಒಂದೇ ಸಲಕ್ಕೆ ಮುಗಿಯಿತು.

ರಿಪೋರ್ಟ್ ಮಾತ್ರ ತಲೆನೋವು. ಸಂಜೆ ಅಂದಿದ್ದು ಮರುದಿನ ಮಧ್ಯಾಹ್ನ ಬಂತು. ಫೆರಿಟಿನ್‌ಗೆ ಬೇರೆ ಬಿಲ್ಲು, ಅದನ್ನು ಮೊದಲೇ ಹೇಳಿರಲಿಲ್ಲ. ಐರನ್ 38, ಟಿಐಬಿಸಿ 468. ಟಿಐಬಿಸಿ ಪಕ್ಕದಲ್ಲಿ ನಾರ್ಮಲ್ 250ರಿಂದ 450 ಅಂತಿತ್ತು. ಅವ್ವ ಖುಷಿಯಾದಳು: "ಜಾಸ್ತಿ ಬಂದದಲ್ಲ, ಚಲೋ ಆತಲ್ಲ?" ಅಲ್ಲಿ ಬಿಡಿಸಿ ಹೇಳುವವರು ಯಾರೂ ಇರಲಿಲ್ಲ.

ಡಾಕ್ಟರು ಹೇಳಿದ ಮೇಲೆ ತಿಳಿಯಿತು. ಟಿಐಬಿಸಿ ಅಂದರೆ ಮೈಯಲ್ಲಿರುವ ಐರನ್ ಅಲ್ಲ. ರಕ್ತ ಒಟ್ಟು ಎಷ್ಟು ಐರನ್ ಹೊರಬಲ್ಲದು ಅನ್ನುವ ಲೆಕ್ಕ. ಹೊರುವ ಕೆಲಸ ಟ್ರಾನ್ಸ್‌ಫೆರಿನ್ ಅನ್ನುವ ಪ್ರೋಟೀನಿನದು. ಐರನ್ ಕಮ್ಮಿಯಾದಾಗ ಲಿವರ್ ಅದನ್ನು ಇನ್ನೂ ಜಾಸ್ತಿ ಮಾಡುತ್ತದೆ. ಕಬ್ಬು ಕಮ್ಮಿಯಿದ್ದ ವರ್ಷ ಕಾರ್ಖಾನೆಯವರು ಊರೂರಿಗೆ ಟ್ರ್ಯಾಕ್ಟರ್ ಅಟ್ಟುತ್ತಾರಲ್ಲ, ಹಾಗೆ. ಗಾಡಿ ಜಾಸ್ತಿ, ಮಾಲಿಲ್ಲ. 38ನ್ನು 468ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 8. ಈ ಸ್ಯಾಚುರೇಶನ್, ಅಂದರೆ ಹೊರುವ ಜಾಗದಲ್ಲಿ ನೂರಕ್ಕೆ ಎಷ್ಟು ತುಂಬಿದೆ ಅನ್ನುವುದು, 20ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಅನ್ನುತ್ತಾರೆ. ಡಾಕ್ಟರು ಇದನ್ನೂ ನೋಡುತ್ತಾರೆ. ಇಷ್ಟು ದುಡ್ಡು ತಗೊಂಡು ರಿಪೋರ್ಟಿನಲ್ಲಿ ಸ್ಯಾಚುರೇಶನ್ನಿನ ಆ ಒಂದು ಸಾಲು ಹಾಕದಿದ್ದರೆ ಹೇಗೆ? ನೀವು ಹೋದರೆ ಮೊದಲೇ ಕೇಳಿಕೊಳ್ಳಿ. ಬರೀ ಐರನ್ ಅಲ್ಲ, ಟಿಐಬಿಸಿ, ಫೆರಿಟಿನ್ ಕೂಡ ಮಾಡಿಸಿ. ಬಹಳ ದಿನದ ಸೋಂಕು, ಬಾವು ಇದ್ದವರಿಗೂ ಸೀರಂ ಐರನ್ ಇಳಿಯುತ್ತದೆ, ಆದರೆ ಟಿಐಬಿಸಿ ಏರುವುದಿಲ್ಲ. ಬರೀ ಐರನ್ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಊಟದ ಜೊತೆ ಚಹಾ ಬೇಡ ಅಂದಿದ್ದಾರೆ, ಅವ್ವ ಕೇಳಬೇಕಲ್ಲ! ಮುಟ್ಟು ನಿಂತ ವಯಸ್ಸಿನಲ್ಲಿ ಐರನ್ ಇಷ್ಟು ಇಳಿದರೆ ಹೊಟ್ಟೆ, ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯಾ ನೋಡಬೇಕಂತೆ. ಅದಕ್ಕೆ ಮಲದ ಪರೀಕ್ಷೆ ಬರೆದಿದ್ದಾರೆ. ಅದನ್ನೂ ಇದೇ ಲ್ಯಾಬಿಗೆ ಕೊಟ್ಟಿದ್ದೇವೆ, ಬಿಲ್ಲು ಎಷ್ಟು ಅಂತ ಈ ಸಲ ಮೊದಲೇ ಬರೆಸಿಕೊಂಡು.