ಹಳೇ ಬಿಎಂಎಕ್ಸ್‌ಗೆ ಏನು ಹಾಕಬೇಕು? ಎರಡೆರಡು ಮಾಡಿ ನೋಡಿದವನ ಲೆಕ್ಕ

ಎರಡು ವರ್ಷದ ಹಿಂದೆ ಸ್ಯಾನ್ ಹೋಸೆ ಹತ್ತಿರದ ಒಂದು ಹಳೇ ಸಾಮಾನಿನ ಸಂತೆಯಲ್ಲಿ ನನಗೆ ಜಿಟಿ ಕಂಪನಿಯ ಬಿಎಂಎಕ್ಸ್, ಅಂದರೆ ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸುವ ಸಣ್ಣ ರೇಸ್ ಸೈಕಲ್ಲಿನ, ಫ್ರೇಮ್ ಒಂದು ಸಿಕ್ಕಿತು. 80ರ ದಶಕದ ಮಧ್ಯದ್ದು. ಜೊತೆಗೆ ಮುಂದಿನ ಚಕ್ರ ಹಿಡಿಯುವ ಫೋರ್ಕ್, ಹ್ಯಾಂಡಲ್. ಚಕ್ರ ಇಲ್ಲ, ಪೆಡಲ್ ಕೂರಿಸುವ ಕ್ರ್ಯಾಂಕ್ ಇಲ್ಲ, ಸೀಟೂ ಇಲ್ಲ. ಕ್ರೋಮ್ ಮೇಲೆ ಮೈತುಂಬ ತುಕ್ಕಿನ ಚುಕ್ಕೆ. ಏಲಕ್ಕಿ ಬಾಳೆಹಣ್ಣು ಜಾಸ್ತಿ ಹಣ್ಣಾದಾಗ ಸಿಪ್ಪೆ ಮೇಲೆ ಬರುತ್ತಲ್ಲ, ಹಾಗೆ.

ನಾನು ಬೆಳೆದಿದ್ದು ದಾವಣಗೆರೆಯಲ್ಲಿ. ಅಲ್ಲಿ ನಮಗೆ ಸೈಕಲ್ ಅಂದರೆ ಗಂಟೆ ಲೆಕ್ಕದ ಬಾಡಿಗೆ ಸೈಕಲ್. ಬಿಎಂಎಕ್ಸ್ ರೇಸ್ ನೋಡಿದ್ದೇ ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ, ಮಗನನ್ನು ಟ್ರ್ಯಾಕಿಗೆ ಬಿಡಲು ಹೋದಾಗ. ಈ ಆಟ ಹುಟ್ಟಿದ್ದು ಇದೇ ರಾಜ್ಯದ ದಕ್ಷಿಣ ಭಾಗದಲ್ಲಿ. 1963ರಲ್ಲಿ ಬಂದ ಶ್ವಿನ್ ಸ್ಟಿಂಗ್-ರೇ ಅನ್ನುವ 20 ಇಂಚಿನ ಸೈಕಲ್ ಹಿಡಿದು, 70ರ ದಶಕದ ಶುರುವಿನಲ್ಲಿ ಮಕ್ಕಳು ಮೋಟಾರ್‌ಬೈಕ್ ರೇಸಿನ ಮೋಟೋಕ್ರಾಸ್‌ನವರ ಹಾಗೆ ಮಣ್ಣಿನ ದಿಬ್ಬ ಹಾರಿಸುತ್ತಿದ್ದರು. ಸೈಕಲ್ ಮುರಿಯುತ್ತಿತ್ತು. ಮುರಿಯದ ಸೈಕಲ್ ಬೆಸೆಯಲು ಅಪ್ಪಂದಿರು ಕೂತರು. ಜಿಟಿಯ ಗ್ಯಾರಿ ಟರ್ನರ್ ಅಂಥ ಒಬ್ಬ ಅಪ್ಪ. ಡ್ರ್ಯಾಗ್ ರೇಸ್ ಕಾರಿನ ಫ್ರೇಮ್ ಬೆಸೆಯುತ್ತಿದ್ದ ಕೈ, ಮಗನಿಗೊಂದು ಕ್ರೋಮೊಲಿ ಅನ್ನುವ ಗಟ್ಟಿ ಉಕ್ಕಿನ ಫ್ರೇಮ್ ಬೆಸೆಯಿತು. 1979ರಲ್ಲಿ ರಿಚರ್ಡ್ ಲಾಂಗ್ ಜೊತೆ ಸೇರಿ ಕಂಪನಿಯಾಯಿತು. ಈ ಕಥೆ ಗೊತ್ತಿದ್ದರಿಂದಲೇ ಸಂತೆಯಲ್ಲಿ ಚೌಕಾಸಿ ಮಾಡುವುದನ್ನೂ ಮರೆತು ದುಡ್ಡು ಕೊಟ್ಟುಬಿಟ್ಟೆ.

ಹಳೇ ಸೈಕಲ್ ಕಟ್ಟಲು ಹೊರಟರೆ ಪ್ರತಿ ಭಾಗಕ್ಕೂ ಎರಡು ದಾರಿ ಇರುತ್ತದೆ. ಇದ್ದದ್ದನ್ನು ತೊಳೆದು ಉಳಿಸಿಕೊಳ್ಳುವುದೋ, ಹೊಸದು ಮಾಡಿಸುವುದೋ? ಆ ಕಾಲದ ಮೆರೆಯೋ ಸಾಮಾನು ಹಾಕುವುದೋ, ಆ ಕಾಲದ್ದೇ ಸಾದಾ ಸಾಮಾನೋ? ಸಾಧ್ಯವಾದ ಕಡೆಯೆಲ್ಲ ನಾನು ಎರಡನ್ನೂ ಮಾಡಿ ನೋಡಿದೆ. ದುಡ್ಡು ಹಾಳು, ಆದರೆ ಅನುಮಾನ ಉಳಿದಿಲ್ಲ.

ಮೊದಲು ತುಕ್ಕು. ಫೋರ್ಕಿನ ಎರಡು ಕಾಲೂ ಒಂದೇ ಥರ ತುಕ್ಕು ಹಿಡಿದಿದ್ದವು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಎಡಗಾಲಿಗೆ ಫಾಯಿಲ್ ಪೇಪರ್. ಚಪಾತಿ ಸುತ್ತಿಡುತ್ತೇವಲ್ಲ, ಅದೇ. ಸಣ್ಣ ಉಂಡೆ ಮಾಡಿ, ನೀರಲ್ಲಿ ಅದ್ದಿ ತಿಕ್ಕಬೇಕು. ಮೊದಲು ಕರಕರ ಅನ್ನುತ್ತದೆ, ಆಮೇಲೆ ಬೂದು ಬಣ್ಣದ ಕೆಸರು ಬರುತ್ತದೆ, ಆಮೇಲೆ ಸದ್ದು ನಿಂತು ಕೈ ಜಾರಲು ಶುರುವಾಗುತ್ತದೆ. ಸದ್ದು ನಿಂತಿತು ಅಂದರೆ ಅಲ್ಲಿ ತುಕ್ಕು ಮುಗಿಯಿತು. ಫಾಯಿಲ್ ಅಂದರೆ ಅಲ್ಯುಮಿನಿಯಂ, ಕ್ರೋಮ್‌ಗಿಂತ ಎಷ್ಟೋ ಮೆತ್ತಗೆ, ಹಾಗಾಗಿ ಗೀರು ಬೀಳುವುದಿಲ್ಲ. ಅರ್ಧ ಗಂಟೆಯಲ್ಲಿ ಎಡಗಾಲು ಕನ್ನಡಿ.

ಬಲಗಾಲಿಗೆ ಆಕ್ಸಾಲಿಕ್ ಆಸಿಡ್. ಇಲ್ಲಿ ಮರದ ಕಲೆ ತೆಗೆಯುವ ಪುಡಿ ಅಂತ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಒಂದು ಕಡೆ ಮುಚ್ಚಿದ ಪಿವಿಸಿ ಪೈಪಿನಲ್ಲಿ ಅದರ ನೀರು ತುಂಬಿಸಿ, ಕಾಲನ್ನು ಇಳಿಬಿಟ್ಟು ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಎತ್ತಿದರೆ ಕಂದು ಚುಕ್ಕೆ ಒಂದೂ ಇಲ್ಲ. ಆದರೆ ಹೊಳಪೂ ಇಲ್ಲ, ಮೇಲೊಂದು ತೆಳು ಹಳದಿ ಪೊರೆ. ಅಡುಗೆ ಸೋಡಾ ನೀರಲ್ಲಿ ತೊಳೆದು ಒರೆಸಿದ ಮೇಲೆ ಹೋಯಿತು. ಇದು ವಿಷ. ಗ್ಲೌಸು, ಕನ್ನಡಕ ಬೇಕು, ಅಡುಗೆಮನೆ ಪಾತ್ರೆ ಮುಟ್ಟಬೇಡಿ. ಅಲ್ಯುಮಿನಿಯಂ ಸಾಮಾನನ್ನು ಇದರಲ್ಲಿ ಹಾಕಲೂಬೇಡಿ, ಬಣ್ಣ ಕೆಡುತ್ತದೆ.

ಅಮ್ಮ ಆಗ ಇಲ್ಲಿಗೆ ಬಂದಿದ್ದರು. ಗ್ಯಾರೇಜ್ ಬಾಗಿಲಲ್ಲಿ ನಿಂತು ನೋಡಿದವರೇ, "ಅಷ್ಟಕ್ಕೆ ಯಾಕೋ ಇಷ್ಟು ಒದ್ದಾಟ? ಒಂದು ನಿಂಬೆಗಾತ್ರ ಹುಣಸೆಹಣ್ಣು ನೆನೆಹಾಕಿ ತಿಕ್ಕು" ಅಂದರು. ಸೀಟಿನ ಕ್ಲಾಂಪಿಗೆ ಅದನ್ನೂ ಮಾಡಿದೆ. ಮೇಲಿನ ಕಲೆ ಹೋಯಿತು, ಗುಳಿಯೊಳಗಿನದು ಹಾಗೇ ಇತ್ತು. ತಾಮ್ರದ ಚೊಂಬಿಗೆ ಸರಿ ಅಮ್ಮಾ, ಇದಕ್ಕಲ್ಲ ಅಂದೆ. ಅವರು ಒಪ್ಪಲಿಲ್ಲ.

ಹೊರಗಿಂದ ನೋಡಿದರೆ ಫಾಯಿಲ್ಲೇ ಗೆದ್ದ ಹಾಗೆ. ಆದರೆ ಫ್ರೇಮಿಗೆ ನಾನು ಆರಿಸಿದ್ದು ಆಕ್ಸಾಲಿಕ್. ಯಾಕೆಂದರೆ ಕ್ರೋಮ್ ಇರುವುದು ಹೊರಗೆ ಮಾತ್ರ. ಕೊಳವೆಯೊಳಗೆ ಬರೀ ಉಕ್ಕು, ಅಲ್ಲಿಗೆ ಫಾಯಿಲ್ ಹಿಡಿದ ಬೆರಳು ಹೋಗುವುದಿಲ್ಲ. ಸೀಟ್ ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿದಾಗ ತುಕ್ಕು ಚಕ್ಕೆಚಕ್ಕೆಯಾಗಿ ಎದ್ದಿತ್ತು. ಬಟ್ಟೆ ತುಂಬುವ ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ ಇಡೀ ಫ್ರೇಮ್ ಮುಳುಗಿತು. 20 ಇಂಚಿನ ಸೈಕಲ್ಲಿನ ಸುಖ ಅದು. ಒಂದು ದಿನ ಬಿಟ್ಟು ತೆಗೆದು, ತೊಳೆದು, ಬಿಸಿಲಲ್ಲಿ ಒಣಗಿಸಿ, ಒಳಗೆ ಎಣ್ಣೆ ಹರಿಸಿದೆ. ಹೊಳಪಿಗೆ ಕೊನೆಯಲ್ಲಿ ಫಾಯಿಲ್. ಎವಾಪೋ-ರಸ್ಟ್ ಅನ್ನುವ ರೆಡಿ ದ್ರಾವಣವೂ ಚೆನ್ನಾಗಿದೆ, ಕೈಗೂ ಕ್ರೋಮಿಗೂ ತೊಂದರೆ ಇಲ್ಲ. ಆದರೆ ಫ್ರೇಮ್ ಮುಳುಗುವಷ್ಟು ಕೊಂಡರೆ ಜೇಬು ಮುಳುಗುತ್ತದೆ. ನಟ್ಟು ಬೋಲ್ಟಿಗೆ ಮಾತ್ರ ಬಳಸಿದೆ. ಟಾಯ್ಲೆಟ್ ತೊಳೆಯುವ ಆಸಿಡ್ ಹತ್ತಿರ ಮಾತ್ರ ಹೋಗಬೇಡಿ, ಅದು ಕ್ರೋಮನ್ನೇ ಕಿತ್ತು ತಿನ್ನುತ್ತದೆ.

ಇನ್ನೊಂದು ದಾರಿ ಹೊಸದಾಗಿ ಕ್ರೋಮ್ ಮಾಡಿಸುವುದು. ಫ್ರೇಮಿಗೆ ಕ್ರೋಮ್ ಅಂಗಡಿಯವರು ಹೇಳಿದ ರೇಟು ನಾನು ಫ್ರೇಮಿಗೇ ಕೊಟ್ಟದ್ದಕ್ಕಿಂತ ಜಾಸ್ತಿ. ಸರಿ, ಪರೀಕ್ಷೆಗೆ ಹ್ಯಾಂಡಲ್ ಮಾತ್ರ ಕೊಟ್ಟೆ. ಆರು ವಾರದ ಮೇಲೆ ಬಂತು. ಕವರ್ ಬಿಚ್ಚಿದರೆ ಕಣ್ಣು ಕುಕ್ಕುವ ಹಾಗಿತ್ತು. ಹೆಂಡತಿಯೂ ಮೆಚ್ಚಿದಳು, ಅದು ಅಪರೂಪ. ಅವತ್ತೇ ಜೋಡಿಸಿ ಮನೆ ಮುಂದಿನ ರಸ್ತೆಯಲ್ಲಿ ಹೊರಟೆ. ಕಾಲುದಾರಿಯ ಅಂಚಿಂದ ಹಾರಿ ಇಳಿದೆ ನೋಡಿ, ಹ್ಯಾಂಡಲ್ ಮುಂದಕ್ಕೆ ಸರ್ ಅಂತ ತಿರುಗಿತು. ಎದೆ ಹೋಗಿ ಹ್ಯಾಂಡಲ್ ಹಿಡಿದಿಡುವ ಸ್ಟೆಮ್ಮಿಗೆ ಬಡಿಯಿತು. ಬೋಲ್ಟ್ ಸಡಿಲ ಇರಬೇಕು ಅಂತ ಬಿಗಿದೆ. ಮತ್ತೆ ಅದೇ.

ಬಿಚ್ಚಿ ನೋಡಿದಾಗ ಗೊತ್ತಾಯಿತು. ಬಿಎಂಎಕ್ಸ್ ಹ್ಯಾಂಡಲ್ಲಿಗೆ ನಡುವೆ, ಸ್ಟೆಮ್ ಕಚ್ಚುವ ಕಡೆ, ಸಣ್ಣ ಸಣ್ಣ ಗೆರೆ ಕೊರೆದಿರುತ್ತಾರೆ. ಮುಟ್ಟಿದರೆ ತುರಿಯುವ ಮಣೆ ಥರ ಒರಟು. ಅದು ಅಂದಕ್ಕಲ್ಲ, ಹಿಡಿತಕ್ಕೆ. ಕ್ರೋಮ್ ಮಾಡುವ ಮೊದಲು ಗುಳಿ ಹೋಗಲಿ ಅಂತ ಪಾಲಿಶ್ ಮಾಡುವಾಗ ಆ ಪುಣ್ಯಾತ್ಮರು ಗೆರೆಯನ್ನೂ ಸವೆಸಿಬಿಟ್ಟಿದ್ದರು. ಬೆರಳಾಡಿಸಿದರೆ ನುಣ್ಣಗೆ ಬಳೆ ಥರ. ನಾನೂ ಮೊದಲೇ ಹೇಳಬೇಕಿತ್ತು, ಆ ಜಾಗಕ್ಕೆ ಟೇಪ್ ಸುತ್ತಿ ಕೊಡಬೇಕಿತ್ತು. ಆ ಹ್ಯಾಂಡಲ್ ಈಗ ಗೋಡೆ ಮೇಲಿದೆ.

ಇನ್ನೊಂದು ಮಾತು. ಕ್ಯಾಲಿಫೋರ್ನಿಯಾ 2023ರಲ್ಲಿ ಒಂದು ನಿಯಮ ತಂದಿದೆ. ಅಂದಕ್ಕೆ ಮಾಡುವ ಕ್ರೋಮ್ ಕೆಲಸದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸಬೇಕು. ಕ್ಯಾನ್ಸರ್ ತರುವ ವಸ್ತು ಅದು, ನಿಲ್ಲಿಸಲಿ. ಬದಲಿಗೆ ಬರುವ ಟ್ರೈವೇಲೆಂಟ್ ಕ್ರೋಮಿನ ಛಾಯೆ ಸ್ವಲ್ಪ ಬೇರೆ. ಹಳೇ ಫ್ರೇಮಿನ ಪಕ್ಕ ಹಿಡಿದರೆ ಕಣ್ಣಿಗೆ ಗೊತ್ತಾಗುತ್ತದೆ. ಇರುವ ಕ್ರೋಮನ್ನು ಉಳಿಸಿಕೊಳ್ಳಲು ಇದೂ ಒಂದು ಕಾರಣ.

ಇನ್ನು ಚಕ್ರ. ಹಾರುವ ಮಕ್ಕಳು ಕಡ್ಡಿ ಚಕ್ರ ಮುರಿದುಹಾಕುತ್ತಿದ್ದರಿಂದಲೇ ತಂತಿ ಕಡ್ಡಿ ಇಲ್ಲದ ಮ್ಯಾಗ್ ಚಕ್ರ ಬಂದಿದ್ದು. ಸ್ಕಿಪ್ ಹೆಸ್ ಎರಕದ ಮೋಟೋಮ್ಯಾಗ್ ಮಾಡಿದರು, ಅದರಿಂದಲೇ 1974ರಲ್ಲಿ ಮಂಗೂಸ್ ಶುರುವಾಯಿತು. ಇದೇ ರಾಜ್ಯದ ರೆಡ್ಡಿಂಗ್ ಊರಿನ ಸ್ಕೈವೇ ಕಂಪನಿ ಗಾಜಿನ ನಾರು ಸೇರಿಸಿದ ನೈಲಾನಿನಲ್ಲಿ ಟಫ್ ವೀಲ್ ಮಾಡಿತು. ಐದು ದಪ್ಪ ಕಡ್ಡಿ, ದೂರದಿಂದಲೇ ಗುರುತು ಸಿಗುತ್ತದೆ. ನನಗೆ ಒಂದು ಜೊತೆ ಬಿಳಿಯದು ಸಿಕ್ಕಿತು. ಬಿಳಿ ಅನ್ನುವುದು ಸುಮ್ನೆ ಮಾತಿಗೆ, ಈಗ ಅದು ತುಪ್ಪದ ಬಣ್ಣ. ಎದುರಿಗೆ ಅರಾಯಾ 7ಎಕ್ಸ್ ಅಲ್ಯುಮಿನಿಯಂ ರಿಮ್, ಸುಝುಯೆ ಹಬ್, 36 ಕಡ್ಡಿ. ಜಪಾನಿನ ಸಾಮಾನು, ಆ ಕಾಲದ ಎಷ್ಟೋ ರೇಸ್ ಸೈಕಲ್‌ಗಳಲ್ಲಿ ಇದ್ದದ್ದು.

ಎರಡನ್ನೂ ಎರಡೆರಡು ತಿಂಗಳು ಓಡಿಸಿದೆ. ಟಫ್ ವೀಲ್ ಹಾಕಿದ ದಿನ ಪಕ್ಕದ ಮನೆಯವರು ಕಾರು ನಿಲ್ಲಿಸಿ ಮಾತಾಡಿಸಿದರು. ಅಂದದಲ್ಲಿ ಅದಕ್ಕೆ ಸಾಟಿ ಇಲ್ಲ. ಬೆಂಡು ತೆಗೆಯುವ ಕೆಲಸವೂ ಇಲ್ಲ. ಆದರೆ ಬೆಂಡಾದರೆ ತೆಗೆಯಲು ಆಗುವುದೂ ಇಲ್ಲ. ನನ್ನ ಹಿಂದಿನ ಚಕ್ರ ಒಂದು ಕಡೆ ಚೂರು ವಾಲಿತ್ತು, ಪ್ರತಿ ಸುತ್ತಿಗೂ ಬ್ರೇಕ್ ರಬ್ಬರಿಗೆ ಶ್ ಅಂತ ಒಂದು ಸವರು. ಬ್ರೇಕ್ ಹಿಡಿದರೆ ಕಾಗೆ ಕೂಗಿದ ಹಾಗೆ ಕಿರುಚಾಟ. ಗೇಟಿಂದ ಹೊರಡುವಾಗ ತೂಕ ಕಾಲಿಗೆ ಗೊತ್ತಾಗುತ್ತದೆ.

ಅರಾಯಾದಲ್ಲಿ ಆ ತಾಪತ್ರಯ ಇಲ್ಲ, ಬೇರೆ ಇದೆ. ಕಡ್ಡಿ ಹೆಣೆಯಲು ನನಗೆ ಎರಡು ಸಂಜೆ ಬೇಕಾಯಿತು. ದಾವಣಗೆರೆಯ ಸೈಕಲ್ ಶಾಪಿನಲ್ಲಿ ಒಬ್ಬರು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಪ್ರತಿ ಕಡ್ಡಿಯನ್ನೂ ತಂಬೂರಿ ಮೀಟಿದ ಹಾಗೆ ಬೆರಳಲ್ಲಿ ಮೀಟಿ ಕೇಳುತ್ತಿದ್ದರು. ಟಿಣ್ ಅಂದರೆ ಬಿಗಿ, ಡೊಣ್ ಅಂದರೆ ಸಡಿಲ. ಗೇಜ್ ಗೀಜ್ ಇಲ್ಲದೆ ನಾನೂ ಹಾಗೇ ಮಾಡಿದೆ. ಎರಡು ತಿಂಗಳಲ್ಲಿ ಒಂದೇ ಸಲ ಬೆಂಡು ತೆಗೆದಿದ್ದೇನೆ. ಓಡಿಸಲು ಅರಾಯಾ, ಅನುಮಾನವೇ ಇಲ್ಲ. ನಿಲ್ಲಿಸಿ ನೋಡಲು ಟಫ್ ವೀಲ್.

ಟೈರ್ ತರುವವರಿಗೆ ಒಂದು ಎಚ್ಚರಿಕೆ. 20 ಇಂಟು 1.75 ಅಂತ ಬರೆದ ಟೈರೂ 20 ಇಂಟು ಒಂದು ಮುಕ್ಕಾಲು ಅಂತ ಭಿನ್ನರಾಶಿಯಲ್ಲಿ ಬರೆದ ಟೈರೂ ಒಂದೇ ಅಲ್ಲ! ಮೊದಲನೆಯದು 406 ಮಿಲಿಮೀಟರ್ ರಿಮ್ಮಿಗೆ, ಎರಡನೆಯದು ಹಳೇ ಶ್ವಿನ್‌ನ 419ಕ್ಕೆ. ಶಾಲೆಯಲ್ಲಿ ಎರಡೂ ಸಮ ಅಂತ ಕಲಿಸಿದ್ದರು, ನಂಬಿ ತರಿಸಿ ವಾಪಸ್ ಕಳಿಸಿದೆ. ಸ್ಟೆಮ್ಮಿನಲ್ಲೂ ಇದೇ ಗೋಳು. ಫೋರ್ಕಿನೊಳಗೆ ಇಳಿಯುವ ಭಾಗದ ದಪ್ಪ ಹಳೇ ಬಿಎಂಎಕ್ಸ್‌ಗಳಲ್ಲಿ 21.1 ಮತ್ತು 22.2 ಮಿಲಿಮೀಟರ್ ಎರಡೂ ಇವೆ. ಅಳೆಯದೆ ಕೊಳ್ಳಬೇಡಿ.

ಕ್ರ್ಯಾಂಕಿನಲ್ಲಿ ನನ್ನ ತೀರ್ಪು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಒಂದು ಕಡೆ ಒಂದೇ ಕಂಬಿ ಬಗ್ಗಿಸಿ ಮಾಡಿದ ಕ್ರ್ಯಾಂಕ್. ಅದಕ್ಕೆ ಓಹಯೋದ ಅಷ್ಟಬ್ಯುಲಾ ಊರಿನ ಹೆಸರೇ ಅಂಟಿಕೊಂಡಿದೆ. ಇನ್ನೊಂದು ಕಡೆ ಕ್ರೋಮೊಲಿ ಕೊಳವೆಯಲ್ಲಿ ಬೆಸೆದ, ಮೂರು ಭಾಗದ ರೆಡ್‌ಲೈನ್ ಫ್ಲೈಟ್. ಎಲ್ಲರೂ ಬಾಯಿ ಚಪ್ಪರಿಸುವುದು ಫ್ಲೈಟ್‌ಗೆ. ಸ್ನೇಹಿತರೊಬ್ಬರು ಒಂದು ತಿಂಗಳು ಓಡಿಸಲು ಕೊಟ್ಟರು. ನಿಂತು ತುಳಿದರೆ ನಿಜಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ, ಕಾಲಿನ ಜೋರೆಲ್ಲ ಸೀದಾ ಚೈನಿಗೆ. ಕಂಬಿ ಕ್ರ್ಯಾಂಕಿನಲ್ಲಿ ಚೂರು ಬಾಗಿದ ಹಾಗೆ ಅನ್ನಿಸುತ್ತದೆ.

ಆದರೂ ನನ್ನ ಸೈಕಲ್ಲಿನಲ್ಲಿ ಉಳಿದಿದ್ದು ಕಂಬಿ ಕ್ರ್ಯಾಂಕೇ. ಅದರ ಬೆಲೆಗೆ ಫ್ಲೈಟ್‌ನ ಒಂದು ಕೈಯೂ ಬರುವುದಿಲ್ಲ. ಒಂದು ಪಾನಾ, ಒಂದು ಸ್ಕ್ರೂಡ್ರೈವರ್ ಇದ್ದರೆ ಬಿಚ್ಚಿ, ಬಾಲ್ಸ್ ತೊಳೆದು, ಗ್ರೀಸ್ ಹಾಕಿ ವಾಪಸ್ ಕೂರಿಸಬಹುದು. ಊರಲ್ಲಿ ಕ್ರ್ಯಾಂಕ್ ಹಿಡಿಯುವ ಕಾಟರ್ ಪಿನ್ನಿಗೆ ಸುತ್ತಿಗೆಯಲ್ಲಿ ಬಡಿದೂ ಬಡಿದೂ ಬೆರಳು ಜಜ್ಜಿಸಿಕೊಂಡವನಿಗೆ ಇದು ಹಬ್ಬ. ನೆನಪಿಡಿ, ಎಡಗಡೆಯ ನಟ್ ಮತ್ತು ಕೋನ್ ಉಲ್ಟಾ ಥ್ರೆಡ್ಡಿನವು, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತವೆ. ಪೆಡಲ್ ಕೂಡ ಬೇರೆ: ಕಂಬಿ ಕ್ರ್ಯಾಂಕಿಗೆ ಅರ್ಧ ಇಂಚಿನದು, ಮೂರು ಭಾಗದ್ದಕ್ಕೆ 9/16 ಇಂಚು. ಮುಂದಿನ ಚೈನ್ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 16, ಆ ಕಾಲದ ಮಾಮೂಲಿ ಲೆಕ್ಕ. ರೇಸಿನಲ್ಲಿ ಗೆಲ್ಲಬೇಕು ಅನ್ನುವವರು ಫ್ಲೈಟ್ ತಗೊಳ್ಳಲಿ. ನಾನು ನಲವತ್ತೇಳರವನು, ಓಡಿಸುವುದು ಭಾನುವಾರ ಬೆಳಗ್ಗೆ.

ಹಿಡಿಗೆ ಹಳೇ ಓಕ್ಲಿ ಗ್ರಿಪ್ ಹುಡುಕಿದೆ. ಕನ್ನಡಕದ ಓಕ್ಲಿಯೇ. 1975ರಲ್ಲಿ ಅವರು ಶುರು ಮಾಡಿದ್ದು ಹ್ಯಾಂಡಲ್ ಗ್ರಿಪ್ಪಿನಿಂದ. ಸಿಕ್ಕಿದ ಜೊತೆ ಕಲ್ಲಾಗಿತ್ತು, ಬೆಲೆ ಮಾತ್ರ ಕನ್ನಡಕದ್ದು. ಹೊಸ ರಬ್ಬರ್ ಗ್ರಿಪ್ ಹಾಕಿದೆ, ಮುಗೀತು.

ಉಳಿದಿರುವುದು ಸ್ಟಿಕ್ಕರ್. ಕೆಳಗಿನ ಕೊಳವೆಯಲ್ಲಿ ಹಳೇ ಜಿಟಿ ಸ್ಟಿಕ್ಕರ್ ಅರ್ಧ ಇದೆ. ಆಸಿಡ್ ನೀರಲ್ಲಿ ಒಂದು ದಿನ ಇದ್ದು ಅಂಚು ಎದ್ದಿದೆ. ಜಿ ಅಕ್ಷರ ಗಟ್ಟಿಯಾಗಿದೆ, ಟಿ ಮೇಲೆ ಯಾರೋ ಹುಡುಗ ಮೂವತ್ತು-ನಲವತ್ತು ವರ್ಷದ ಹಿಂದೆ ಮೊಳೆಯಲ್ಲಿ ಒಂದು ನಕ್ಷತ್ರ ಗೀಚಿದ್ದಾನೆ. ಹೊಸದಾಗಿ ಅಚ್ಚು ಹಾಕಿದ ಸೆಟ್ಟನ್ನೂ ತರಿಸಿದ್ದೇನೆ, ಬಣ್ಣ ಪಕ್ಕಾ ಇದೆ. ಮಗ ಹಳೇದನ್ನು ಕಿತ್ತು ಹೊಸದು ಅಂಟಿಸು ಅನ್ನುತ್ತಾನೆ. ಒಂದು ಸಲ ಹೇರ್ ಡ್ರೈಯರ್ ಹಿಡಿದು ಹೋದವನು ಆ ನಕ್ಷತ್ರ ನೋಡಿ ವಾಪಸ್ ಬಂದೆ. ಹೊಸ ಸೆಟ್ ಇನ್ನೂ ಕವರಿನಲ್ಲೇ ಇದೆ.