ನಗದು ಕೌಂಟರಿಗೆ ಅಭ್ಯರ್ಥಿಗಳನ್ನು ಆರಿಸಿಕೊಡುವ ಸೇವೆ: ಬಳಸಿ ನೋಡಿದ ಮೇಲಿನ ಅಭಿಪ್ರಾಯ

ಉಡುಪಿಯ ಪಟ್ಟಣ ಸಹಕಾರಿ ಬ್ಯಾಂಕೊಂದರ ನೇಮಕಾತಿ ಸಮಿತಿಯ ಸದಸ್ಯನಾಗಿ ಈ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ. ಶಾಖೆಗಳ ನಗದು ಕೌಂಟರಿಗೆ ಕ್ಯಾಷಿಯರುಗಳನ್ನು ಆರಿಸುವಾಗ ಈ ಬಾರಿ ಮಂಗಳೂರಿನ ಖಾಸಗಿ ಸಂಸ್ಥೆಯೊಂದರ ಮೌಲ್ಯಮಾಪನ ಸೇವೆಯನ್ನು ಪಡೆದೆವು. ಸೇವೆಯ ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ಇಂಥ ಸೇವೆಯನ್ನು ಕೊಳ್ಳಲು ಯೋಚಿಸುತ್ತಿರುವ ಇತರ ಸಹಕಾರಿ ಬ್ಯಾಂಕುಗಳ ಆಡಳಿತ ಮಂಡಳಿಯವರಿಗೆ, ಯಾವ ಭಾಗಕ್ಕೆ ಹಣ ಕೊಡಬಹುದು, ಯಾವುದಕ್ಕೆ ಕೊಡಬೇಕಾಗಿಲ್ಲ ಎಂಬುದು ತಿಳಿದರೆ ಸಾಕು.

ಇದಕ್ಕೆ ಮೊದಲು ನಮ್ಮಲ್ಲಿ ಆಯ್ಕೆ ನಡೆಯುತ್ತಿದ್ದುದು ಸಂದರ್ಶನದ ಮೂಲಕ. ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು 1906ರಿಂದ 1931ರೊಳಗೆ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅನುಭವಸ್ಥ ನಿವೃತ್ತ ಅಧಿಕಾರಿಗಳಿಗೆ ಬರವಿಲ್ಲ. ಅಂಥ ಹಿರಿಯರನ್ನು ಕರೆಸಿ, ಅವರ ಮಾತಿಗೆ ಬೆಲೆ ಕೊಟ್ಟು ನೇಮಕ ಮಾಡುತ್ತಿದ್ದೆವು. ಆದರೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಗೆಯ ಪ್ರಶ್ನೆ ಕೇಳಿ, ಕೊನೆಗೆ ಯಾರು ಚೆನ್ನಾಗಿ ಮಾತನಾಡಿದರೋ ಅವರನ್ನು ಆರಿಸುವುದು ನ್ಯಾಯವಲ್ಲ ಎಂಬ ಆಕ್ಷೇಪ ಸಮಿತಿಯಲ್ಲೇ ಇತ್ತು. ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಒಂದೇ ಕ್ರಮದಲ್ಲಿ ಕೇಳುವ ಸಂದರ್ಶನ ಮತ್ತು ಹುದ್ದೆಯ ಕೆಲಸವನ್ನೇ ಮಾಡಿಸಿ ನೋಡುವ ಪರೀಕ್ಷೆ, ಇವೆರಡೂ ಸಡಿಲವಾದ ಮಾತುಕತೆಗಿಂತ ಹೆಚ್ಚು ನಂಬಲರ್ಹ ಎಂಬುದು ಮನಶ್ಶಾಸ್ತ್ರದ ಅಧ್ಯಯನಗಳಲ್ಲಿ ಮತ್ತೆಮತ್ತೆ ಕಂಡುಬಂದಿರುವ ವಿಷಯ. ಸೇವೆ ಪಡೆಯಲು ಅದೇ ಕಾರಣವಾಯಿತು.

ಸೇವೆಯಲ್ಲಿ ಮೂರು ಭಾಗಗಳಿವೆ. ಮೊದಲನೆಯದಾದ ಕಂಪ್ಯೂಟರ್ ಪರೀಕ್ಷೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬ್ಯಾಂಕುಗಳಿಗೆ ಸಿಬ್ಬಂದಿಯನ್ನು ಆರಿಸುವ ಐಬಿಪಿಎಸ್ ಸಂಸ್ಥೆಯ ಗುಮಾಸ್ತರ ಪರೀಕ್ಷೆಯ ಪೂರ್ವಭಾವಿ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆಗಳಿರುತ್ತವೆ. ಅದಕ್ಕೆ ತರಬೇತಿ ಪಡೆದವರು ಇಲ್ಲಿಯ ಪ್ರಶ್ನೆಗಳನ್ನೂ ಸಲೀಸಾಗಿ ಬಿಡಿಸಿದರು, ಪಡೆಯದವರು ಹಿಂದೆ ಬಿದ್ದರು. ಅಂದರೆ ಅದು ಅಳೆದದ್ದು ಬಹುಮಟ್ಟಿಗೆ ತರಬೇತಿಯನ್ನು. ಎರಡು ಖಾತೆ ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ವ್ಯತ್ಯಾಸ ಹುಡುಕುವ ವಿಭಾಗವೊಂದು ಮಾತ್ರ ಕೌಂಟರಿನ ಕೆಲಸಕ್ಕೆ ಹತ್ತಿರವಿತ್ತು.

ಎರಡನೆಯದು ಪ್ರಾಮಾಣಿಕತೆ ಮತ್ತು ಸ್ವಭಾವದ ಪ್ರಶ್ನಾವಳಿ. ಇದನ್ನು ನಾನು ಖಂಡಿತವಾಗಿ ಶಿಫಾರಸು ಮಾಡುವುದಿಲ್ಲ. ನಗದು ಮುಟ್ಟುವ ಹುದ್ದೆಗೆ ಅರ್ಜಿ ಹಾಕಿದವನ ಮುಂದೆ ‘ಇತರರ ಹಣವನ್ನು ಬಳಸಿಕೊಳ್ಳುವುದು ಕೆಲವೊಮ್ಮೆ ಸರಿ’ ಎಂಬ ವಾಕ್ಯವಿಟ್ಟು, ಒಪ್ಪುತ್ತೀಯಾ ಇಲ್ಲವಾ ಎಂದು ಕೇಳಿದರೆ ಯಾವ ಉತ್ತರ ಬರುತ್ತದೆಂದು ಊಹಿಸಲು ಪರೀಕ್ಷೆ ಬೇಕಾಗಿಲ್ಲ. ಮೇಲಾಗಿ ಇಂಗ್ಲಿಷಿನಿಂದ ತಂದ ಕನ್ನಡ ಎಷ್ಟು ತೊಡಕಾಗಿತ್ತೆಂದರೆ, ಕನ್ನಡ ಮಾಧ್ಯಮದಲ್ಲಿ ಓದಿದ ಇಬ್ಬರು ಅಭ್ಯರ್ಥಿಗಳು ಮೇಲ್ವಿಚಾರಕರ ಬಳಿ ಬಂದು ಪ್ರಶ್ನೆಯ ಅರ್ಥ ಕೇಳಬೇಕಾಯಿತು.

ಈ ಸೇವೆಯ ಜೀವಾಳವೆಂದರೆ ಮೂರನೆಯ ಭಾಗ, ಅಣಕು ಕೌಂಟರ್. ಕೋಣೆಯ ಒಂದು ಬದಿಯಲ್ಲಿ ಮೇಜು, ಅದರ ಮೇಲೆ ಚಲನ್, ಮೊಹರು, ಲೆಕ್ಕ ಹಾಳೆ, ನೋಟು ಎಣಿಸುವ ಯಂತ್ರ. ಗ್ರಾಹಕರಾಗಿ ಬರುವವರು ಸಂಸ್ಥೆಯ ತರಬೇತಾದ ಸಿಬ್ಬಂದಿ. ಪ್ರತಿ ಅಭ್ಯರ್ಥಿಗೂ ಅವವೇ ವ್ಯವಹಾರಗಳು, ಅವೇ ತೊಡಕುಗಳು. ಮಲ್ಪೆಯ ಮೀನು ವ್ಯಾಪಾರಿ ಮಹಿಳೆಯ ಪಾತ್ರದಲ್ಲಿ ಬಂದವರು 60,000 ರೂಪಾಯಿ ಎಂದು ಬರೆದ ಚಲನನ್ನೂ ನೋಟಿನ ಕಟ್ಟನ್ನೂ ಒಟ್ಟಿಗೆ ಮುಂದಿಟ್ಟರು. ನೋಟುಗಳು ತೇವವಾಗಿದ್ದವು. ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ ನಮ್ಮ ಶಾಖೆಗಳಿಗೆ ಬರುವ ನಗದು ಹೀಗೆಯೇ ಇರುತ್ತದೆ. ಯಂತ್ರ ಅದನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ, ಕೈಯಲ್ಲೇ ಎಣಿಸಬೇಕು. ಕಟ್ಟಿನಲ್ಲಿ 500ರ ಒಂದು ನೋಟು ಕಡಿಮೆಯಿತ್ತು, ಚಲನಿನಲ್ಲಿ ಪ್ಯಾನ್ ಸಂಖ್ಯೆಯ ಜಾಗ ಖಾಲಿಯಿತ್ತು. ಒಂದು ದಿನದಲ್ಲಿ 50,000 ರೂಪಾಯಿಗಿಂತ ಹೆಚ್ಚು ನಗದು ಜಮೆ ಮಾಡಲು ಪ್ಯಾನ್ ಬೇಕೆಂಬ ಆಗಿನ ನಿಯಮವನ್ನು ಅಭ್ಯರ್ಥಿಗಳಿಗೆ ಮೊದಲೇ ತಿಳಿಸಲಾಗಿತ್ತು.

ಒಬ್ಬ ಯುವಕ ಚಲನ್ ಕೈಗೆ ಬಂದ ಕೂಡಲೇ ಮೊಹರು ಒತ್ತಿ, ಗ್ರಾಹಕರ ಪ್ರತಿಯನ್ನು ಹರಿದುಕೊಟ್ಟು, ಆಮೇಲೆ ಎಣಿಸತೊಡಗಿದ. ಅವನ ಎಣಿಕೆ ಚುರುಕಾಗಿಯೇ ಇತ್ತು, ಕೊರತೆಯೂ ಸಿಕ್ಕಿತು. ಆದರೆ ಅಷ್ಟರೊಳಗೆ ಮೊಹರು ಬಿದ್ದ ರಸೀದಿ ಗ್ರಾಹಕರ ಕೈಯಲ್ಲಿತ್ತು. ನಂತರ ಬಂದ ಯುವತಿ ಮೊದಲು ಅಂಕಿಯನ್ನೂ ಅಕ್ಷರವನ್ನೂ ತಾಳೆ ನೋಡಿ, ಪ್ಯಾನ್ ಕೇಳಿ ಬರೆಸಿಕೊಂಡು, ನೋಟುಗಳನ್ನು ಮುಖಬೆಲೆಯ ಪ್ರಕಾರ ವಿಂಗಡಿಸಿ ಎಣಿಸಿದಳು. ಒಂದು ಕಡಿಮೆ ಬಂದಾಗ ಬಾಯಿ ಬಿಡದೆ ಮತ್ತೊಮ್ಮೆ ಎಣಿಸಿ, ಆಮೇಲೆ ಕಟ್ಟನ್ನು ಗ್ರಾಹಕರ ಕಣ್ಣೆದುರಿಗೇ ಇಟ್ಟುಕೊಂಡು, ‘ಒಂಜಿ ನಿಮಿಷ ಉಂತುಲೆ (ಒಂದು ನಿಮಿಷ ನಿಲ್ಲಿ) ಅಮ್ಮ, ಒಟ್ಟಿಗೆ ಇನ್ನೊಮ್ಮೆ ನೋಡುವ’ ಎಂದು ತುಳು ಬೆರೆಸಿ ಹೇಳಿದಳು. ಹಣ ಪಡೆಯುವಾಗ ಮೊದಲು ಎಣಿಕೆ, ಆಮೇಲೆ ದಾಖಲೆ. ಹಣ ಕೊಡುವಾಗ ಮೊದಲು ದಾಖಲೆ, ಆಮೇಲೆ ಪಾವತಿ. ಕೌಂಟರಿನ ಈ ಮೂಲ ಶಿಸ್ತು ಕೈಗೆ ಬಂದಿದೆಯೇ ಎಂಬುದು ಯಾವ ಸಂದರ್ಶನದಲ್ಲೂ ಇಷ್ಟು ಸ್ಪಷ್ಟವಾಗಿ ತಿಳಿಯುವುದಿಲ್ಲ.

ಖೋಟಾ ನೋಟಿನ ಪ್ರಸಂಗವನ್ನು ಸಂಸ್ಥೆ ಜವಾಬ್ದಾರಿಯಿಂದ ನಿರ್ವಹಿಸಿತು. ಅಸಲಿ ನೋಟೊಂದನ್ನೇ ಕೊಟ್ಟು, ಇದು ಖೋಟಾ ಎಂದು ಗೊತ್ತಾದರೆ ಏನು ಮಾಡುವಿರಿ ಎಂದು ಕೇಳಲಾಯಿತು. ಹೆಚ್ಚಿನವರು ‘ವಾಪಸು ಕೊಟ್ಟು ಬೇರೆ ನೋಟು ಕೇಳುತ್ತೇನೆ’ ಎಂದರು. ಸೌಜನ್ಯದಂತೆ ಕಂಡರೂ ಅದು ತಪ್ಪು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಅಂಥ ನೋಟನ್ನು ಗ್ರಾಹಕರಿಗೆ ಹಿಂದಿರುಗಿಸುವಂತಿಲ್ಲ. ಅದರ ಮೇಲೆ ಖೋಟಾ ಎಂದು ಮೊಹರು ಹಾಕಿ ವಶಪಡಿಸಿಕೊಂಡು ಗ್ರಾಹಕರಿಗೆ ರಸೀದಿ ಕೊಡಬೇಕು. ಒಂದೇ ವ್ಯವಹಾರದಲ್ಲಿ ನಾಲ್ಕು ನೋಟುಗಳವರೆಗೆ ಸಿಕ್ಕರೆ ತಿಂಗಳ ಕೊನೆಯಲ್ಲಿ ಪೊಲೀಸರಿಗೆ ಒಟ್ಟು ವರದಿ ಹೋಗುತ್ತದೆ, ಐದು ಅಥವಾ ಹೆಚ್ಚಿದ್ದರೆ ಕೂಡಲೇ ದೂರು ದಾಖಲಿಸಬೇಕು. ಹೊಸಬರಿಗೆ ಇದು ತಿಳಿದಿಲ್ಲವೆಂದು ಅಂಕ ಕಳೆಯುವುದು ನನಗೆ ಸರಿ ಕಾಣಲಿಲ್ಲ, ಇದನ್ನು ಅರ್ಧ ದಿನದ ತರಬೇತಿಯಲ್ಲಿ ಕಲಿಸಬಹುದು. ‘ಅನುಮಾನ ಬಂದರೆ ಮೇಲಿನವರನ್ನು ಕರೆಯುತ್ತೇನೆ’ ಎಂದವರಿಗೆ ಅಂಕ ಕೊಡಬೇಕೆಂದು ನಾವು ವಾದಿಸಿದೆವು, ಸಂಸ್ಥೆಯವರು ಒಪ್ಪಿದರು.

ಆದರೆ ಅಂತಿಮ ವರದಿ ನಿರಾಸೆ ತಂದಿತು. ಮೂರೂ ಭಾಗಗಳ ಅಂಕಗಳನ್ನು ಸೇರಿಸಿ ಒಂದೇ ಸಂಖ್ಯೆಯಾಗಿಸಿ ಶ್ರೇಯಾಂಕ ಕೊಟ್ಟಿದ್ದರು, ಅದರಲ್ಲೂ ವೇಗಕ್ಕೆ ಹೆಚ್ಚಿನ ತೂಕವಿತ್ತು. ಇದರಿಂದ ಎಣಿಸುವ ಮೊದಲೇ ಮೊಹರು ಒತ್ತಿದ ಯುವಕ, ನಿಧಾನಿಸಿ ಎಣಿಸಿದ ಯುವತಿಗಿಂತ ಮೇಲಿನ ಸ್ಥಾನದಲ್ಲಿದ್ದ. ಕೌಂಟರಿನ ಮುಂದೆ ಸಾಲು ಬೆಳೆದಾಗ ಗ್ರಾಹಕರು ಬೇಸರಪಡುತ್ತಾರೆ ನಿಜ, ಆದರೆ ಸಂಜೆ ನಗದು ತಾಳೆಯಾಗದೆ ಇಡೀ ಶಾಖೆ ಕಾಯಬೇಕಾಗಿ ಬಂದಾಗ ಆಗುವ ಕಷ್ಟ ಅದಕ್ಕಿಂತ ದೊಡ್ಡದು. ಹಾಗಾಗಿ ವೇಗವನ್ನು ನಿಖರತೆಯೊಂದಿಗೆ ಕೂಡಿಸಬಾರದು, ನಿಖರತೆಯಲ್ಲಿ ಉತ್ತೀರ್ಣರಾದವರ ನಡುವೆ ಮಾತ್ರ ಹೋಲಿಸಬೇಕು. ವೇಗ ಆರು ತಿಂಗಳ ಅಭ್ಯಾಸದಿಂದ ತಾನಾಗಿ ಬರುತ್ತದೆ. ನಾವು ಬಿಡಿ ಅಂಕಪಟ್ಟಿ ಮತ್ತು ವೀಕ್ಷಕರ ಟಿಪ್ಪಣಿಗಳನ್ನು ಕೇಳಿದೆವು. ತಕರಾರಿಲ್ಲದೆ ಕೊಟ್ಟರು, ಆ ಮಟ್ಟಿಗೆ ಅವರ ವ್ಯವಹಾರ ಸ್ವಚ್ಛ. ಟಿಪ್ಪಣಿಗಳು ವರದಿಗಿಂತ ಎಷ್ಟೋ ಬೆಲೆಯುಳ್ಳವಾಗಿದ್ದವು.

ಭಾಷೆಯ ವಿಷಯದಲ್ಲಿ ಸೇವೆ ಪೂರ್ತಿ ಸೋತಿದೆ. ಕನ್ನಡ ಓದು ಬರಹಕ್ಕೆ ಅಂಕವಿತ್ತು, ತುಳು, ಕೊಂಕಣಿ, ಬ್ಯಾರಿ ಮಾತನಾಡಬಲ್ಲವರಿಗೆ ಯಾವ ಗಣನೆಯೂ ಇರಲಿಲ್ಲ. ತುಳುವಿನಲ್ಲಿ ಮಾತ್ರ ನಿರಾಳವಾಗಿ ಮಾತನಾಡುವ ಹಿರಿಯರು ಇಲ್ಲಿಯ ಕೌಂಟರಿಗೆ ದಿನವೂ ಬರುತ್ತಾರೆ, ಅವರ ಉಳಿತಾಯದ ಲೆಕ್ಕವನ್ನು ಅವರಿಗೆ ಅರ್ಥವಾಗುವಂತೆ ಹೇಳುವುದು ಕ್ಯಾಷಿಯರನ ಕೆಲಸದ ಭಾಗವೇ ಆಗಿದೆ. ಆ ಪರೀಕ್ಷೆಯನ್ನು ಕೊನೆಗೆ ನಾವೇ ಸಂದರ್ಶನದಲ್ಲಿ ಸೇರಿಸಿಕೊಂಡೆವು.

ಮುಂದಿನ ನೇಮಕಾತಿಗೆ ಅಣಕು ಕೌಂಟರನ್ನು ಮಾತ್ರ ನಡೆಸಿಕೊಡಬೇಕು, ಅಂಕಗಳನ್ನು ಕೂಡಿಸದೆ ಟಿಪ್ಪಣಿಗಳೊಂದಿಗೆ ಬಿಡಿಬಿಡಿಯಾಗಿ ಕೊಡಬೇಕು ಮತ್ತು ಗ್ರಾಹಕರ ಪಾತ್ರದಲ್ಲಿ ಒಬ್ಬರಾದರೂ ತುಳುವಿನಲ್ಲೇ ಮಾತನಾಡಬೇಕು ಎಂದು ಸಂಸ್ಥೆಗೆ ಬರೆದಿದ್ದೇವೆ. ಮೊದಲ ಎರಡಕ್ಕೆ ಅವರ ಒಪ್ಪಿಗೆ ಬಂದಿದೆ, ಮೂರನೆಯದಕ್ಕೆ ತಕ್ಕ ಸಿಬ್ಬಂದಿಯನ್ನು ಹುಡುಕುತ್ತಿದ್ದಾರೆ.