ಟ್ರೊಂಡ್‌ಹೈಮ್‌ನ ಮಹಿಳೆಯರ 50 ಕಿ.ಮೀ. ಸ್ಕೀ ಓಟ: ಟಿಕೆಟ್ ಕೊಂಡು ನೋಡಿದ ಅನುಭವ

ನಾರ್ವೆಗೆ ಬಂದು ನೆಲೆಸಿದ ಮೇಲೆ ನಾನು ಹಣ ಕೊಟ್ಟು ನೋಡಿದ ಕ್ರೀಡಾಕೂಟಗಳಲ್ಲಿ ಕೊಟ್ಟ ಹಣಕ್ಕೆ ತಕ್ಕುದನ್ನು ಪೂರ್ತಿಯಾಗಿ ಮರಳಿಸಿದ್ದು 2025ರ ಮಾರ್ಚ್ 9ರಂದು ಟ್ರೊಂಡ್‌ಹೈಮ್‌ನ ಗ್ರಾನೋಸೆನ್ ಸ್ಕೀ ಮೈದಾನದಲ್ಲಿ ನಡೆದ ಮಹಿಳೆಯರ 50 ಕಿ.ಮೀ. ಸ್ಕೀ ಓಟ. ವಿಶ್ವ ನಾರ್ಡಿಕ್ ಸ್ಕೀ ಚಾಂಪಿಯನ್‌ಷಿಪ್‌ನ ಕೊನೆಯ ದಿನ ಅದು. ಕಾಲಿಗೆ ಉದ್ದನೆಯ ಹಲಗೆ ಕಟ್ಟಿ, ಕೋಲೂರಿ, ಹಿಮದ ಹಾದಿಯಲ್ಲಿ ಏರಿಳಿದು ಓಡುವ ಈ ಆಟವನ್ನು ಕ್ರಾಸ್ ಕಂಟ್ರಿ ಸ್ಕೀಯಿಂಗ್ ಎನ್ನುತ್ತಾರೆ. ಮುಂದೆ ಇಂಥ ಕೂಟಕ್ಕೆ ಹೋಗಬೇಕೆಂದಿರುವ ಕನ್ನಡಿಗರಿಗೆ, ವಿಶೇಷವಾಗಿ ಸ್ವೀಡನ್, ನಾರ್ವೆ, ಜರ್ಮನಿಗಳಲ್ಲಿ ಇರುವವರಿಗೆ, ಯಾವ ಟಿಕೆಟ್ ಕೊಳ್ಳಬೇಕು, ಎಲ್ಲಿ ನಿಲ್ಲಬೇಕು, ಏನನ್ನು ನಿರೀಕ್ಷಿಸಬೇಕು ಎಂಬುದನ್ನು ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರು 50 ಕಿ.ಮೀ. ಓಡಿದ್ದು ಅದೇ ಮೊದಲು. 1952ರ ಓಸ್ಲೊ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ಗೆ ಪ್ರವೇಶ ದೊರೆತಾಗ ಇದ್ದದ್ದು ಒಂದೇ ಸ್ಪರ್ಧೆ, ಅದೂ 10 ಕಿ.ಮೀ. ದೂರದ್ದು, ಫಿನ್ಲೆಂಡಿನ ಲಿಡಿಯಾ ವಿಡೆಮನ್ ಅದನ್ನು ಗೆದ್ದರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 30 ಕಿ.ಮೀ. ಓಟ ಸೇರಲು 1989ರವರೆಗೆ ಕಾಯಬೇಕಾಯಿತು. ಅಲ್ಲಿಂದ 2023ರಲ್ಲಿ ಸ್ಲೊವೇನಿಯಾದ ಪ್ಲಾನಿಟ್ಸಾದಲ್ಲಿ ನಡೆದ ಕೂಟದವರೆಗೂ ಗಂಡಸರಿಗೆ 50, ಹೆಂಗಸರಿಗೆ 30 ಎಂಬ ಲೆಕ್ಕವೇ ನಡೆಯಿತು. ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್ 2022ರಲ್ಲಿ, ಋತುವಿಡೀ ನಡೆಯುವ ವಿಶ್ವಕಪ್ ಸರಣಿಯ ದೂರಗಳನ್ನು ಸಮಗೊಳಿಸಲು ತೀರ್ಮಾನಿಸಿತು, 2023ರ ಮಾರ್ಚ್‌ನಲ್ಲಿ ಓಸ್ಲೊದ ಹೊಲ್ಮೆನ್‌ಕೊಲೆನ್‌ನಲ್ಲಿ ಮಹಿಳೆಯರ ಮೊದಲ 50 ಕಿ.ಮೀ. ವಿಶ್ವಕಪ್ ಓಟ ನಡೆದು ರಾಗ್ನ್‌ಹಿಲ್ಡ್ ಹಾಗಾ ಗೆದ್ದರು. ಆದರೂ ಇಷ್ಟು ದೂರದ ಓಟ ನೋಡುವವರಿಗೆ ಬೇಸರ ತರಿಸುತ್ತದೆ ಎಂಬ ಮಾತನ್ನು ನಾನು ಟ್ರೊಂಡ್‌ಹೈಮ್‌ಗೆ ಹೊರಡುವ ಹಿಂದಿನ ದಿನವೂ ಕೇಳಿದ್ದೆ. ಆ ಮಾತು ಮೈದಾನದ ಆಸನದಲ್ಲಿ ಕುಳಿತು ನೋಡುವವರ ಮಟ್ಟಿಗೆ ಸ್ವಲ್ಪ ನಿಜ, ಹಾದಿಯ ಪಕ್ಕದಲ್ಲಿ ನಿಲ್ಲುವವರ ಮಟ್ಟಿಗೆ ಪೂರ್ತಿ ಸುಳ್ಳು.

ಈ ವ್ಯತ್ಯಾಸ ನನಗೆ ತಿಳಿದದ್ದು ಎರಡನ್ನೂ ನೋಡಿದ್ದರಿಂದ. ಅದೇ ವಾರ ಮಹಿಳೆಯರ 10 ಕಿ.ಮೀ. ಕ್ಲಾಸಿಕ್ (ಹಿಮದಲ್ಲಿ ಕೊರೆದ ಜೋಡಿ ಸಾಲುಗಳಲ್ಲಿ ನೇರವಾಗಿ ಹೆಜ್ಜೆ ಹಾಕುವ) ಓಟವನ್ನು ನಾನು ಮತ್ತು ನನ್ನ ಹನ್ನೊಂದು ವರ್ಷದ ಮಗಳು ಆಸನದಲ್ಲಿ ಕುಳಿತು ನೋಡಿದೆವು. ಅಲ್ಲಿ ಒಬ್ಬೊಬ್ಬರೇ ಅರ್ಧ ನಿಮಿಷದ ಅಂತರದಲ್ಲಿ ಹೊರಡುತ್ತಾರೆ, ಓಟ ನಡೆಯುವುದು ಗಡಿಯಾರದೊಂದಿಗೆ. ಆದ್ದರಿಂದ ದೊಡ್ಡ ಪರದೆ ಮತ್ತು ಮುಕ್ತಾಯದ ಗೆರೆ ಕಣ್ಣೆದುರು ಇದ್ದರೆ ಸಾಕು. ಐವತ್ತರ ಓಟದಲ್ಲಿ ಎಲ್ಲರೂ ಒಟ್ಟಿಗೆ ಹೊರಟು, ಕಾಡಿನೊಳಗಿನ ಸುತ್ತನ್ನು ಮತ್ತೆ ಮತ್ತೆ ಬಳಸಿ ಬರುತ್ತಾರೆ. ಗುಂಪು ಮೈದಾನವನ್ನು ಹಾದುಹೋಗುವುದು ಕೆಲವೇ ಕ್ಷಣಗಳ ಮಾತು, ಉಳಿದ ಹೊತ್ತೆಲ್ಲ ಪರದೆಯೇ ಗತಿ. ಹಾಗಾಗಿ ಐವತ್ತರ ದಿನವಾದ ಭಾನುವಾರ ನಾವು ಹಾದಿಯ ಬದಿಯ ಟಿಕೆಟ್ ಕೊಂಡು ಒಂದು ಉದ್ದನೆಯ ಏರಿನ ಬದಿಯಲ್ಲಿ, ಹಗ್ಗದಿಂದ ಕೈಯಳತೆಯ ದೂರದಲ್ಲಿ ನಿಂತೆವು.

ಮೊದಲ ಸುತ್ತಿನಲ್ಲಿ ಅವರು ಬಂದಾಗ ನಮಗೆ ಕಂಡದ್ದು ಒಂದು ದಟ್ಟ ಗುಂಪು, ಕೇಳಿಸಿದ್ದು ಕೋಲುಗಳ ತುದಿ ಹಿಮವನ್ನು ಕಚ್ಚುವ ಸದ್ದು. ಯಾರ ಮುಖವೂ ಬೇರೆಯಾಗಿ ಗುರುತಾಗಲಿಲ್ಲ. ಮತ್ತೆರಡು ಸುತ್ತು ಕಳೆಯುವಷ್ಟರಲ್ಲಿ ಗುಂಪು ಹರಿದು ಉದ್ದವಾಗತೊಡಗಿತು, ಯಾರು ಯಾರ ಬೆನ್ನ ಹಿಂದೆ ಗಾಳಿಯಿಂದ ಮರೆಯಾಗಿ ಶಕ್ತಿ ಉಳಿಸಿಕೊಳ್ಳುತ್ತಿದ್ದಾರೆ, ಯಾರು ತಾವೇ ಮುಂದೆ ನಿಂತು ವೇಗ ಹೆಚ್ಚಿಸುತ್ತಿದ್ದಾರೆ ಎಂಬುದು ತಿಳಿಯತೊಡಗಿತು. ನಮ್ಮ ಬದಿಯಲ್ಲೇ ತಂಡದ ಸಹಾಯಕನೊಬ್ಬ ಬಾಟಲಿ ಹಿಡಿದು ಏರಿನಲ್ಲಿ ಓಟಗಾರ್ತಿಯ ಜೊತೆಜೊತೆಗೇ ಓಡಿದ. ಅವಳು ಕೋಲನ್ನು ಮಣಿಕಟ್ಟಿಗೆ ಜೋತುಬಿಟ್ಟು ಕೈ ಚಾಚಿದಳು, ಬಾಟಲಿ ಬೆರಳುಗಳಿಂದ ಜಾರಿ ಹಿಮಕ್ಕೆ ಬಿತ್ತು. ಅವಳು ತಿರುಗಿ ನೋಡಲಿಲ್ಲ, ಎರಡು ಹೆಜ್ಜೆಗಳಲ್ಲಿ ಹಳೆಯ ಲಯಕ್ಕೆ ಮರಳಿದಳು. ಮುಂದಿನ ಸುತ್ತಿನಲ್ಲಿ ಅದೇ ಸಹಾಯಕ ಇನ್ನೂ ಮೇಲೆ, ಏರು ಮುಗಿಯುವ ಕಡೆ ನಿಂತಿದ್ದ. ಈ ಸಲ ಅವಳು ಎರಡು ಗುಟುಕು ಕುಡಿದು ಬಾಟಲಿಯನ್ನು ಬದಿಗೆ ಎಸೆದಳು. ಮಗಳು ಅದನ್ನು ನೋಡಿ ನನ್ನ ತೋಳನ್ನು ಹಿಡಿದುಕೊಂಡದ್ದು ಈಗಲೂ ನೆನಪಿದೆ. ಎರಡು ಗಂಟೆಗೂ ಮೀರಿದ ಓಟದಲ್ಲಿ ಇಂಥ ಒಂದೊಂದು ಗುಟುಕಿಗೂ ಬೆಲೆಯಿದೆ ಎಂಬುದು ಪರದೆಯಲ್ಲಿ ಕಾಣುವ ಸಂಗತಿಯಲ್ಲ.

ಆ ಎರಡು ವಾರ ಟ್ರೊಂಡ್‌ಹೈಮ್‌ನಲ್ಲಿ ಚಳಿ ಸಾಲದೆ ಮಳೆ ಬಂದು ಹಿಮವೆಲ್ಲ ಮೆತ್ತಗಾಗಿತ್ತು. ಒದ್ದೆ ಹಿಮದಲ್ಲಿ ಸ್ಕೀ ಹಲಗೆಯ ತಳ ನುಣುಪಾಗಿದ್ದಷ್ಟೂ ನೀರಿನ ಪೊರೆಗೆ ಅಂಟಿಕೊಂಡು ಎಳೆದಂತಾಗುತ್ತದೆ, ಆದ್ದರಿಂದ ತಳದಲ್ಲಿ ಸಣ್ಣ ಗೀರುಗಳನ್ನು ಕೊರೆದು ನೀರು ಹರಿದುಹೋಗಲು ದಾರಿ ಮಾಡುತ್ತಾರೆ. ಹಿಮ ಒದ್ದೆಯಾದಷ್ಟೂ ಗೀರು ಒರಟಾಗಿರಬೇಕು. ಮೊದಲು ಈ ಕೆಲಸಕ್ಕೆ ನೆರವಾಗುತ್ತಿದ್ದ ಫ್ಲೋರಿನ್ ಬೆರೆಸಿದ ಮೇಣವನ್ನು 2023–24ರ ಋತುವಿನಿಂದ ನಿಷೇಧಿಸಿರುವುದರಿಂದ ತಳ ಸಿದ್ಧಪಡಿಸುವವರ ಕೈಚಳಕಕ್ಕೆ ಮೊದಲಿಗಿಂತ ಹೆಚ್ಚು ಬೆಲೆ ಬಂದಿದೆ. ಹತ್ತಿರ ನಿಂತರೆ ಇದನ್ನು ಬರಿಗಣ್ಣಿನಿಂದಲೇ ಕಾಣಬಹುದು: ಒಂದೇ ಇಳಿಜಾರಿನಲ್ಲಿ ಇಬ್ಬರೂ ಕಾಲು ಆಡಿಸದೆ ಬಗ್ಗಿ ಕುಳಿತಿದ್ದರೂ ಒಬ್ಬಳು ಇನ್ನೊಬ್ಬಳಿಂದ ಗೇಣುಗೇಣಾಗಿ ದೂರ ಸರಿಯುತ್ತಾಳೆ. ಹಿಂದುಳಿದವಳು ಆ ಅಂತರವನ್ನು ಮುಂದಿನ ಏರಿನಲ್ಲಿ ತನ್ನ ಉಸಿರಿನಿಂದಲೇ ತುಂಬಬೇಕು.

ಕೊನೆಯ ಹಂತದಲ್ಲಿ ಪದಕದ ಲೆಕ್ಕ ಮೂವರ ನಡುವೆ ಉಳಿಯಿತು: ಸ್ವೀಡನ್ನಿನ 25 ವರ್ಷದ ಫ್ರಿಡಾ ಕಾರ್ಲ್‌ಸನ್, ನಾರ್ವೆಯ 33 ವರ್ಷದ ಹೈಡಿ ವೆಂಗ್ ಮತ್ತು 36 ವರ್ಷದ ತೆರೆಸ ಯೊಹೌಗ್. ಯೊಹೌಗ್ 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದು ನಿವೃತ್ತರಾಗಿ, ಮಗುವಿನ ತಾಯಿಯಾಗಿ, ತಾಯ್ನಾಡಿನ ಈ ಕೂಟಕ್ಕಾಗಿಯೇ ಮತ್ತೆ ಸ್ಕೀ ಕಟ್ಟಿದವರು. ಅವರು ನಮ್ಮೆದುರು ಹಾದುಹೋದಾಗಲೆಲ್ಲ ಹಾದಿಯ ಉದ್ದಕ್ಕೂ ಎದ್ದ ‘ಹೇಯಾ, ಹೇಯಾ’ ಎಂಬ ಕೂಗು ಅವರೊಂದಿಗೇ ಮೇಲೇರಿ ಕಾಡಿನೊಳಗೆ ಹೋಗುತ್ತಿತ್ತು. ಇಷ್ಟು ಚಿಕ್ಕ ಮೈಕಟ್ಟಿನ ಹೆಂಗಸು ಅಷ್ಟು ಬೇಗಬೇಗ ಹೆಜ್ಜೆ ಹಾಕಿ ಏರನ್ನು ನುಂಗುವುದನ್ನು ಹತ್ತಿರದಿಂದ ನೋಡಿದ್ದಕ್ಕೆ ನನಗೆ ಸಂತೋಷವಿದೆ. ಚಿನ್ನ ಕಾರ್ಲ್‌ಸನ್ ಅವರದಾಯಿತು, ಬೆಳ್ಳಿ ವೆಂಗ್‌ಗೆ, ಕಂಚು ಯೊಹೌಗ್‌ಗೆ. ಹಾದಿಯ ಬದಿಯ ಟಿಕೆಟ್‌ನ ದೊಡ್ಡ ಕೊರತೆ ಇಲ್ಲಿಯೇ ಇದೆ: ಮುಕ್ತಾಯದ ಗೆರೆಯನ್ನು ನಾವು ಪಕ್ಕದವರ ಮೊಬೈಲಿನಲ್ಲಿ, ಎಂಟು ತಲೆಗಳು ಸೇರಿ ಬಗ್ಗಿ ನೋಡಬೇಕಾಯಿತು. ಸ್ವೀಡನ್ ಗೆದ್ದದ್ದು ಗೊತ್ತಾದಾಗ ಸುತ್ತಲಿದ್ದ ನಾರ್ವೆಯವರು ಒಂದು ಕ್ಷಣ ಸುಮ್ಮನಾದರು, ಆಮೇಲೆ ಚಪ್ಪಾಳೆ ತಟ್ಟಿದರು. ತಮ್ಮ ಊರಿನಲ್ಲಿ ಸೋತಾಗ ತಟ್ಟಿದ ಆ ಚಪ್ಪಾಳೆಯ ಬಗ್ಗೆ ನನಗೆ ಗೌರವವಿದೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಮನೆಯಿಂದ ಬುತ್ತಿ ಒಯ್ಯುವುದೇ ಲೇಸು. ಕಾಡಿನ ಬದಿಯಲ್ಲಿ ಜನ ಬೆಂಕಿ ಹಾಕಿ ಸುಡುವುದು ಸಾಸೇಜ್. ನಾವು ಚಪಾತಿಗೆ ಚಟ್ನಿಪುಡಿ ಸವರಿ ಸುತ್ತಿಕೊಂಡು ಹೋಗಿದ್ದೆವು, ಪಕ್ಕದ ಅಜ್ಜಿಯೊಬ್ಬರು ಸ್ಕೀ ಹೊರಟವರು ಇಲ್ಲಿ ತಪ್ಪದೆ ಒಯ್ಯುವ ಕಿತ್ತಳೆಯನ್ನು ಸುಲಿದು ಮಗಳಿಗೆ ಕೊಟ್ಟರು. ಕಾಲಿಗೆ ಹಾಕುವುದರ ಬಗ್ಗೆ ಮಾತ್ರ ಎಚ್ಚರವಿರಲಿ. ಅಂಗಡಿಯೊಂದರಲ್ಲಿ ನೀರು ಒಳಗೆ ಬಿಡುವುದಿಲ್ಲವೆಂದು ಭರವಸೆ ಕೊಟ್ಟು ಮಾರಿದ ಬೂಟು ಒಂದು ಗಂಟೆಯೊಳಗೆ ಒದ್ದೆಯಾಯಿತು, ಮಗಳು ಉಳಿದ ಓಟವನ್ನೆಲ್ಲ ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ನೋಡಿದಳು. ಕರಗುವ ಹಿಮದಲ್ಲಿ ಮೂರು ಗಂಟೆ ನಿಲ್ಲಲು ಮೊಣಕಾಲಿನವರೆಗಿನ ರಬ್ಬರ್ ಬೂಟು, ಅದರೊಳಗೆ ಉಣ್ಣೆಯ ಕಾಲುಚೀಲ ಬೇಕೇ ಬೇಕು.

ಹಿಮವಿಲ್ಲದ ನಾಡಿನವರಿಗೆ ಈ ಆಟ ದೂರದ್ದೆಂದು ಅನಿಸಬಹುದು. ಆದರೆ ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಪ್ಲಾನಿಟ್ಸಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಪರವಾಗಿ ಸ್ಪರ್ಧಿಸಿದವರು, 2025ರಲ್ಲಿ ಚಿಲಿಯಲ್ಲಿ 5 ಕಿ.ಮೀ. ಓಟದಲ್ಲಿ ಕಂಚಿನ ಪದಕ ಪಡೆದವರು. ಮಗಳ ಕೋಣೆಯ ಗೋಡೆಯ ಮೇಲೆ ಯೊಹೌಗ್ ಚಿತ್ರದ ಪಕ್ಕದಲ್ಲಿ ಈಗ ಅವರ ಚಿತ್ರವೂ ಇದೆ.

ಮುಂದಿನ ವಿಶ್ವ ಚಾಂಪಿಯನ್‌ಷಿಪ್ 2027ರಲ್ಲಿ ಸ್ವೀಡನ್ನಿನ ಫಾಲುನ್‌ನಲ್ಲಿದೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರು ಮೊದಲ ಬಾರಿಗೆ ಸ್ಕೀ ಓಡಿದ್ದು 1954ರಲ್ಲಿ ಅಲ್ಲಿಯೇ. ಆ ಹಾದಿಯಲ್ಲಿ ಮೋರ್ಡರ್‌ಬಾಕೆನ್, ಎಂದರೆ ಕೊಲೆಗಾರ ಗುಡ್ಡ, ಎಂಬ ಹೆಸರಿನ ಕಡಿದಾದ ಏರಿದೆ. ಒಂದೇ ದಿನಕ್ಕೆ ಹೋಗುವವರು ಐವತ್ತರ ದಿನವನ್ನೇ ಆರಿಸಿಕೊಳ್ಳಿ, ಆಸನ ಬಿಟ್ಟು ಆ ಏರಿನ ಬದಿಯಲ್ಲಿ ನಿಲ್ಲಿ, ಮುಕ್ತಾಯ ನೋಡಲು ಮೊಬೈಲನ್ನು ಪೂರ್ತಿ ಚಾರ್ಜ್ ಮಾಡಿಕೊಂಡು ಹೋಗಿ. ನಾವಿಬ್ಬರೂ ಅಲ್ಲಿಯೇ ಇರುತ್ತೇವೆ, ರಬ್ಬರ್ ಬೂಟು ಹಾಕಿಕೊಂಡು.